ಬಿದ್ದ ಮರ ಹೇಳುವ ಗಾಳಿ ಲೆಕ್ಕ

ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ನಮ್ಮ ಸುದ್ದಗುಂಟೆಪಾಳ್ಯದ ಸಂಜೆಗಳಿಗೆ ಒಂದು ಟೈಮ್‌ಟೇಬಲ್ ಇರುತ್ತದೆ. ಮೂರು ಗಂಟೆಗೆ ಉರಿಬಿಸಿಲು. ನಾಲ್ಕೂವರೆಗೆ ಡೇರಿ ಸರ್ಕಲ್ ಮೇಲೆ ಕಪ್ಪು ಮೋಡ. ಐದಕ್ಕೆ ಧೂಳೆಬ್ಬಿಸಿಕೊಂಡು ಗಾಳಿ. ಐದೂಕಾಲಿಗೆ ಕರೆಂಟ್ ಇಲ್ಲ. ಆಮೇಲೆ ಬೀದಿಯ ವಾಟ್ಸಾಪ್ ಗ್ರೂಪ್‌ನಲ್ಲಿ ಫೋಟೊಗಳು ಬರೋದಕ್ಕೆ ಶುರು. ಕಾರಿನ ಮೇಲೆ ಮಲಗಿದ ಗುಲ್‌ಮೊಹರ್, ಪಿಜಿಯ ಟೆರೇಸ್‌ನಿಂದ ಹಾರಿ ಪಕ್ಕದ ಮನೆಗೆ ಬಿದ್ದ ಶೀಟು, ನಡುಬಗ್ಗಿದ ಲೈಟು ಕಂಬ. ಕೆಳಗೆ ಯಾರಾದರೂ ಬರೆದಿರುತ್ತಾರೆ: "ಸುಂಟರಗಾಳಿ ಬಂದಂಗಿತ್ತು ಕಣ್ರೀ." ಮರುದಿನ ಪೇಪರಿನಲ್ಲೂ ಅದೇ ಪದ ಇರುತ್ತದೆ.

ಮಳೆಯ ವಿಷಯದಲ್ಲಿ ನಾವು ಹೀಗೆ ಅಂದಾಜಿನಲ್ಲಿ ಮಾತಾಡುವುದಿಲ್ಲ. 2024ರ ಜೂನ್ 2ರ ಭಾನುವಾರ ಬೆಂಗಳೂರಿನಲ್ಲಿ ಬಿದ್ದದ್ದು 111.1 ಮಿಲಿಮೀಟರ್. 1891ರ ಜೂನ್ 16ರಂದು ಬಿದ್ದಿದ್ದ 101.6 ಮಿಲಿಮೀಟರ್‌ನ ದಾಖಲೆಯನ್ನು ಅದು ಮುರಿಯಿತು. 133 ವರ್ಷದ ಹಿಂದಿನ ಮಳೆಗೂ ದಶಮಾಂಶ ಸಹಿತ ಲೆಕ್ಕವಿದೆ. ಅದೇ ಭಾನುವಾರ ಊರಿನಲ್ಲಿ ನೂರಾರು ಮರಗಳೂ ಬಿದ್ದವು. ನಿಮ್ಮ ಬೀದಿಯ ಮರ ಬೀಳಿಸಿದ ಗಾಳಿ ಗಂಟೆಗೆ ಎಷ್ಟು ಕಿಲೋಮೀಟರ್ ಇತ್ತು ಅಂತ ಕೇಳಿ ನೋಡಿ. "ಭಾರೀ ಇತ್ತು" ಅನ್ನುವುದಷ್ಟೇ ಉತ್ತರ.

ಗಾಳಿ ಬೀಸಿ ಹೋದ ಮೇಲೆ, ಅದು ಮುರಿದುಹಾಕಿದ್ದನ್ನು ನೋಡಿ ಅದರ ಬಲ ಹೇಳಬಹುದಾ? ಹೇಳಬಹುದು. ಅದಕ್ಕೊಂದು ಪದ್ಧತಿಯೇ ಇದೆ. ಅಮೆರಿಕದಲ್ಲಿ ಟಾರ್ನೆಡೊ ಬಂದು ಹೋದ ಮಾರನೇ ದಿನ ನಡೆಯುವ ಸರ್ವೆ ಇದೇ. ನಮಗೆ ಟಾರ್ನೆಡೊ ಅಪರೂಪ. ಆದರೂ ಆ ಸರ್ವೆಯವರು ಕೇಳುವ ಪ್ರಶ್ನೆಗಳನ್ನು ನಮ್ಮ ಬೀದಿಯಲ್ಲಿ ಕೇಳಿದರೆ ಬರುವ ಉತ್ತರ ಸ್ವಲ್ಪ ಮುಜುಗರ ಹುಟ್ಟಿಸುವಂಥದ್ದು. ಈ ಸಲದ ಅಂಕಣ ಅದರ ಬಗ್ಗೆ.

ಹೂದಾನಿಯ ಸುಟ್ಟ ಕಲೆ

ಮಳೆ ಅಳೆಯೋದು ಸುಲಭ. ಪಾತ್ರೆ ಇಟ್ಟರೆ ಸಾಕು, ಮಳೆಯೇ ಬಂದು ತುಂಬುತ್ತದೆ. ಟಾರ್ನೆಡೊ ಹಾಗಲ್ಲ. ಕೆಲವು ನೂರು ಮೀಟರ್ ಅಗಲದ ಒಂದು ಪಟ್ಟಿಯಲ್ಲಿ ಹಾದುಹೋಗುತ್ತದೆ. ಆ ಪಟ್ಟಿಯಲ್ಲೇ ಗಾಳಿ ಅಳೆಯುವ ಯಂತ್ರ ಇರುವ ಸಂಭವ ತೀರಾ ಕಡಿಮೆ. ಇದ್ದರೂ ಅದು ಉಳಿಯುವುದು ಕಷ್ಟ. ಹಾಗಾಗಿ ಪೊಲೀಸರು ಅಪರಾಧ ನಡೆದ ಜಾಗ ನೋಡುವ ಹಾಗೆ ಆಮೇಲೆ ಹೋಗಿ ನೋಡಬೇಕು.

ಈ ನೋಟವನ್ನು ಶಾಸ್ತ್ರವಾಗಿ ಕಟ್ಟಿದವರು ಟೆಟ್ಸುಯಾ ಫುಜಿಟಾ ಎಂಬ ಜಪಾನಿ. 1920ರಲ್ಲಿ ಹುಟ್ಟಿದವರು. ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1945ರ ಆಗಸ್ಟ್‌ನಲ್ಲಿ ಅವರು ಕೊಕುರಾ ನಗರಕ್ಕೆ ಹತ್ತಿರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಆಗಸ್ಟ್ 9ರಂದು ಎರಡನೇ ಅಣುಬಾಂಬ್ ಬೀಳಬೇಕಿದ್ದದ್ದು ಕೊಕುರಾ ಮೇಲೆ. ಅಂದು ಅಲ್ಲಿ ನೆಲ ಸರಿಯಾಗಿ ಕಾಣದೆ ವಿಮಾನ ನಾಗಾಸಾಕಿಗೆ ತಿರುಗಿತು.

ಕೆಲವು ವಾರಗಳ ನಂತರ ಫುಜಿಟಾ ನಾಗಾಸಾಕಿ ಮತ್ತು ಹಿರೋಷಿಮಾಗಳಿಗೆ ಹಾನಿಯ ಅಧ್ಯಯನಕ್ಕೆ ಹೋದರು. ನಾಗಾಸಾಕಿಯ ಸ್ಮಶಾನಗಳಲ್ಲಿ ಸಮಾಧಿಗಳ ಮುಂದೆ ಹೂವಿಡುವ ಬಿದಿರಿನ ಕೊಳವೆಗಳು ಉಳಿದಿದ್ದವು. ಅವು ಒಂದು ಪಕ್ಕದಲ್ಲಿ ಮಾತ್ರ ಸುಟ್ಟಿದ್ದವು. ಯಾವ ಪಕ್ಕ, ಯಾವ ಕೋನದಲ್ಲಿ ಸುಟ್ಟಿದೆ ಎಂದು ಹಲವು ಸ್ಮಶಾನಗಳಲ್ಲಿ ನೋಡಿ, ಗೆರೆ ಎಳೆದು, ಬಾಂಬ್ ಯಾವ ಎತ್ತರದಲ್ಲಿ ಸಿಡಿದಿತ್ತು ಎಂದು ಅವರು ಲೆಕ್ಕ ಹಾಕಿದರು. ಹಿಂದೆ ಉಳಿದ ಗುರುತುಗಳಿಂದ ಬಂದು ಹೋದದ್ದನ್ನು ಹೇಳುವ ಈ ಅಭ್ಯಾಸ ಅವರ ಜೀವನಪೂರ್ತಿ ಉಳಿಯಿತು.

1953ರಲ್ಲಿ ಅವರು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದರು. ಚಿಕ್ಕ ವಿಮಾನಗಳಲ್ಲಿ ಹಾರಿ ಟಾರ್ನೆಡೊ ಹಾದುಹೋದ ಹೊಲಗಳ ಫೋಟೊ ತೆಗೆದರು, ಬಿದ್ದ ಮರಗಳ ದಿಕ್ಕನ್ನು ಬಾಣದ ಗುರುತು ಹಾಕಿ ನಕ್ಷೆ ಮಾಡಿದರು. 1971ರಲ್ಲಿ ಫುಜಿಟಾ ಮಾಪಕ ಬಂತು. ಎಫ್0 ಅಂದರೆ ಕೊಂಬೆ ಮುರಿದದ್ದು, ಎಫ್5 ಅಂದರೆ ಗಟ್ಟಿ ಮನೆಯೇ ತಳಪಾಯದಿಂದ ಕಿತ್ತುಹೋದದ್ದು. ನಡುವೆ ನಾಲ್ಕು ಮೆಟ್ಟಿಲು.

ಗಾಳಿ ಬಲವೋ, ಮನೆ ಪೊಳ್ಳೋ?

ಈ ಮಾಪಕ ಚೆನ್ನಾಗಿ ಓಡಿತು. ಜೊತೆಗೆ ಒಂದು ತಕರಾರೂ ಬಂತು. ಎರಡು ಮನೆಗಳು ನೆಲಸಮವಾಗಿವೆ ಅಂದುಕೊಳ್ಳಿ. ಒಂದನ್ನು ಬೋಲ್ಟ್ ಹಾಕಿ ತಳಪಾಯಕ್ಕೆ ಬಿಗಿದಿದ್ದರು. ಇನ್ನೊಂದಕ್ಕೆ ಬರೀ ಮೊಳೆ ಹೊಡೆದಿದ್ದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಹಾನಿ. ಆದರೆ ಎರಡನೆಯದನ್ನು ಕೀಳಲು ಬೇಕಾದ ಗಾಳಿ ಬಹಳ ಕಡಿಮೆ. ಇಬ್ಬರಿಗೂ ಎಫ್5 ಕೊಟ್ಟರೆ ಗಾಳಿಯ ಮೇಲೆ ಸುಳ್ಳು ಹೊರೆ ಹೊರಿಸಿದಂತೆ, ಮೊಳೆ ಹೊಡೆದ ಕಂಟ್ರಾಕ್ಟರ್ ಪಾರಾದಂತೆ.

1970ರಲ್ಲಿ ಟೆಕ್ಸಸ್‌ನ ಲಬ್ಬಕ್ ಊರಿಗೆ ಟಾರ್ನೆಡೊ ಬಡಿದು 26 ಜನ ಸತ್ತರು. ಆ ಊರಿನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರುಗಳು ಅಲ್ಲಿಂದ ಮುಂದೆ ಇದನ್ನೇ ಅಧ್ಯಯನ ಮಾಡಿದರು. ಅವರಲ್ಲಿ ಭಾರತ ಮೂಲದ ಕಿಶೋರ್ ಮೆಹ್ತಾ ಪ್ರಮುಖರು. ಅವರು ಮತ್ತು ಜೇಮ್ಸ್ ಮೆಕ್‌ಡೊನಾಲ್ಡ್ ನೇತೃತ್ವದಲ್ಲಿ ತಿದ್ದಿದ ಮಾಪಕ ತಯಾರಾಯಿತು. ಅದೇ ಎನ್‌ಹಾನ್ಸ್‌ಡ್ ಫುಜಿಟಾ, ಚಿಕ್ಕದಾಗಿ ಇಎಫ್. ಅಮೆರಿಕದಲ್ಲಿ 2007ರ ಫೆಬ್ರುವರಿ 1ರಿಂದ ಜಾರಿಯಲ್ಲಿದೆ.

ಇದರಲ್ಲಿ 28 ವಸ್ತುಗಳ ಪಟ್ಟಿ ಇದೆ. ಒಂದು ಕುಟುಂಬದ ಮನೆ, ಶಾಲೆ, ಮಾಲ್, ಪೆಟ್ರೋಲ್ ಬಂಕಿನ ಚಾವಣಿ, ವಿದ್ಯುತ್ ಕಂಬ, ಮರ ಹೀಗೆ. ಪ್ರತಿಯೊಂದಕ್ಕೂ ಹಾನಿಯ ಹಂತಗಳು. ಪ್ರತಿ ಹಂತಕ್ಕೂ ಮೂರು ಸಂಖ್ಯೆ: ಸಾಮಾನ್ಯವಾಗಿ ಬೇಕಾಗುವ ಗಾಳಿ, ವಸ್ತು ದುರ್ಬಲವಾಗಿದ್ದರೆ ಕನಿಷ್ಠ, ಗಟ್ಟಿಯಾಗಿದ್ದರೆ ಗರಿಷ್ಠ. ಪರಿಣತರ ಒಂದು ತಂಡ ಪ್ರತಿಯೊಬ್ಬರ ಅಂದಾಜನ್ನು ಬರೆದುಕೊಂಡು, ಸೇರಿಸಿ ನೋಡಿ ಈ ಸಂಖ್ಯೆಗಳಿಗೆ ಬಂತು. ನಮ್ಮ ಸಾಫ್ಟ್‌ವೇರ್ ಟೀಮುಗಳಲ್ಲಿ ಒಂದು ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಎಲ್ಲರೂ ಚೀಟಿ ಎತ್ತುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಅವರ ಅಂದಾಜು ನಮ್ಮದಕ್ಕಿಂತ ನೆಟ್ಟಗಿರುತ್ತದೆ ಅನ್ನಿ.

ಇಎಫ್0 ಅಂದರೆ ಗಂಟೆಗೆ 105ರಿಂದ 137 ಕಿ.ಮೀ. ಇಎಫ್1, 138ರಿಂದ 177. ಹೀಗೆ ಏರುತ್ತಾ 322 ದಾಟಿದರೆ ಇಎಫ್5. ಹಳೆಯ ಮಾಪಕದಲ್ಲಿ ಎಫ್5 ಶುರುವಾಗುತ್ತಿದ್ದದ್ದು ಸುಮಾರು 420ಕ್ಕೆ. ಅಂದರೆ ಅದೇ ಮುರಿದ ಮನೆಗೆ ಅಷ್ಟೊಂದು ಗಾಳಿ ಬೇಕಿಲ್ಲ ಎಂದು ಎಂಜಿನಿಯರುಗಳು ಒಪ್ಪಿಕೊಂಡರು.

ಸರ್ವೆ ಹೇಗೆ ನಡೆಯುತ್ತೆ? ಹವಾಮಾನ ಇಲಾಖೆಯ ಸ್ಥಳೀಯ ಕಚೇರಿಯಿಂದ ಒಂದಿಬ್ಬರು ಹೋಗುತ್ತಾರೆ. ನಿಂತ ಜಾಗದ ಜಿಪಿಎಸ್, ಏನು ಹಾಳಾಗಿದೆ, ಯಾವ ಹಂತ, ಫೋಟೊ, ಎಲ್ಲ ಒಂದು ಆ್ಯಪ್‌ಗೆ ಹೋಗುತ್ತದೆ. ಗೋಡೆ ಬಿದ್ದಿದ್ದರೆ ಅದರ ಬುಡಕ್ಕೆ ಬಗ್ಗಿ ಬೋಲ್ಟ್ ಇದೆಯಾ, ವಾಷರ್ ಹಾಕಿದ್ದಾರಾ ನೋಡುತ್ತಾರೆ. ಪಕ್ಕದ ಪೊದೆ, ಬೇಲಿ ಏನಾಗಿದೆ ಅಂತಲೂ ನೋಡುತ್ತಾರೆ. ಮನೆ ನೆಲಸಮ, ಪಕ್ಕದ ದಾಸವಾಳ ಗಿಡ ಮಾತ್ರ ನೆಟ್ಟಗೆ ನಿಂತಿದೆ ಅಂದರೆ ಮನೆಯ ಕಡೆಗೇ ಅನುಮಾನ. ಇಂಥ ನೂರಾರು ಬಿಂದುಗಳನ್ನು ಸೇರಿಸಿದರೆ ಹಾದಿಯ ಉದ್ದ, ಅಗಲ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚು ಗಾಳಿ ತೋರಿಸುವ ಬಿಂದು ಯಾವುದೋ ಅದೇ ಇಡೀ ಟಾರ್ನೆಡೊದ ದರ್ಜೆ.

ಇದಕ್ಕೆ ಮಿತಿಯೂ ಇದೆ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಹತ್ತಿರ 4 ಕಿಲೋಮೀಟರಿಗೂ ಅಗಲವಾದ ಟಾರ್ನೆಡೊ ಬಂತು. ಲಾರಿ ಮೇಲೆ ಕೂರಿಸಿದ ರೇಡಾರ್ ಅದರಲ್ಲಿ ಗಂಟೆಗೆ ಸುಮಾರು 480 ಕಿ.ಮೀ. ವೇಗ ಕಂಡಿತು. ಆದರೂ ಅಧಿಕೃತ ದರ್ಜೆ ಇಎಫ್3. ಕಾರಣ, ಅದು ಹೆಚ್ಚಾಗಿ ಬಯಲಲ್ಲೇ ಸಾಗಿತ್ತು, ಮುರಿಯೋದಕ್ಕೆ ಗಟ್ಟಿ ವಸ್ತು ಸಿಗಲಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು 2025ರ ಜೂನ್ 20ರಂದು ನಾರ್ತ್ ಡಕೋಟಾದ ಎಂಡರ್ಲಿನ್‌ನಲ್ಲಿ ನಡೆದದ್ದು. ಮೊದಲು ಇಎಫ್3 ಅಂದರು. ಗೂಡ್ಸ್ ರೈಲಿನ ತುಂಬಿದ ಬೋಗಿಗಳು ಉರುಳಿದ್ದನ್ನೂ, ಒಂದು ಖಾಲಿ ಟ್ಯಾಂಕರ್ ದೂರಕ್ಕೆ ಎಸೆಯಲ್ಪಟ್ಟದ್ದನ್ನೂ ಎಂಜಿನಿಯರುಗಳು ಕೂತು ಲೆಕ್ಕ ಹಾಕಿದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ಇಎಫ್5ಕ್ಕೆ ಏರಿಸಿದರು. ರೈಲು ಬೋಗಿ ಆ 28ರ ಪಟ್ಟಿಯಲ್ಲೇ ಇಲ್ಲ. 2013ರ ಮೇ 20ರ ಮೂರ್ ಟಾರ್ನೆಡೊ ನಂತರ 12 ವರ್ಷಕ್ಕೆ ಬಂದ ಮೊದಲ ಇಎಫ್5 ಅದು.

ಒಟ್ಟಿನಲ್ಲಿ ದರ್ಜೆ ಹೇಳುವುದು ಗಾಳಿ ಮತ್ತು ಅದಕ್ಕೆ ಎದುರಾದ ವಸ್ತು, ಎರಡರ ಬಗ್ಗೆಯೂ. ಎರಡನ್ನೂ ಬೇರೆ ಮಾಡಿ ನೋಡುವುದೇ ಸರ್ವೆ ಮಾಡುವವರ ಕೆಲಸ.

ಸುಂಟರಗಾಳಿ ಅನ್ನುವ ಮೊದಲು

ಭಾರತಕ್ಕೆ ಟಾರ್ನೆಡೊ ಬರೋದೇ ಇಲ್ಲ ಅಂತಲ್ಲ. 1978ರ ಮಾರ್ಚ್ 17ರಂದು ಉತ್ತರ ದೆಹಲಿಯಲ್ಲಿ, ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ ಬಂದ ಟಾರ್ನೆಡೊಗೆ 28 ಜನ ಬಲಿಯಾದರು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯ್‌ಗುಡಿ ಜಿಲ್ಲೆಯ ಮೈನಾಗುಡಿ ಕಡೆ ಕೆಲವೇ ನಿಮಿಷಗಳಲ್ಲಿ ನೂರಾರು ಮನೆಗಳು ಹಾಳಾದವು. ಬಂಗಾಳ, ಬಾಂಗ್ಲಾದೇಶದ ಕಡೆ ಈ ಅಪಾಯ ಹೆಚ್ಚು.

ನಮ್ಮಲ್ಲಿ ಮುಂಗಾರಿಗೆ ಮುಂಚೆ ಮರ ಬೀಳಿಸುವುದು ಬಹುಪಾಲು ಬೇರೆ ಜಾತಿಯ ಗಾಳಿ. ಗುಡುಗಿನ ಮೋಡದೊಳಗೆ ಮಳೆಯಿಂದ ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಕುಸಿಯುತ್ತದೆ. ಒಂದು ಬಕೆಟ್ ನೀರನ್ನು ಅಂಗಳಕ್ಕೆ ಸುರಿದರೆ ಸುತ್ತಲೂ ಚೆಲ್ಲುವ ಹಾಗೆ ನೆಲ ಮುಟ್ಟಿ ಎಲ್ಲ ಕಡೆಗೂ ಹರಡುತ್ತದೆ. ಮಳೆಗೆ ಐದು ನಿಮಿಷ ಮೊದಲು ತಣ್ಣನೆ ಗಾಳಿ ಒಮ್ಮೆಲೇ ನುಗ್ಗಿ ಬಟ್ಟೆ ಹಾರಿಸುತ್ತದಲ್ಲ, ಅದು ಇದೇ. ಇದರ ಜೋರಾದ ರೂಪಕ್ಕೆ ಡೌನ್‌ಬರ್ಸ್ಟ್ ಅಂತ ಹೆಸರಿಟ್ಟವರೂ ಫುಜಿಟಾ. 1974ರ ಏಪ್ರಿಲ್‌ನ ಟಾರ್ನೆಡೊ ಸರಣಿಯ ನಂತರ ವಿಮಾನದಿಂದ ನೋಡುವಾಗ ಒಂದು ಕಾಡಿನಲ್ಲಿ ಮರಗಳು ಸುತ್ತಿಕೊಂಡು ಬೀಳದೆ, ಒಂದು ಬಿಂದುವಿನಿಂದ ನಕ್ಷತ್ರದ ಕಿರಣಗಳಂತೆ ಹೊರಕ್ಕೆ ಬಿದ್ದಿದ್ದವು. ಬಾಂಬ್ ಬಿದ್ದ ನಗರಗಳಲ್ಲಿ ಅವರು ಕಂಡಿದ್ದದ್ದು ಅದೇ ನಮೂನೆ. ಮರುವರ್ಷ ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಬಿದ್ದು 113 ಜನ ಸತ್ತಾಗ, ಕಾರಣ ಇಂಥದೇ ಗಾಳಿ ಅಂದರು. ಹಲವರು ನಂಬಲಿಲ್ಲ. ಆಮೇಲೆ ಡಾಪ್ಲರ್ ರೇಡಾರ್ ಅವರ ಮಾತನ್ನು ಎತ್ತಿಹಿಡಿಯಿತು. ಇಂದು ಪೈಲಟ್‌ಗಳಿಗೆ ಇದು ಪಾಠದ ಭಾಗ.

ಹಾಗಾದರೆ ಎರಡನ್ನೂ ಗುರುತಿಸುವುದು ಹೇಗೆ? ಬಿದ್ದ ಮರಗಳ ದಿಕ್ಕು ನೋಡಿ. ಎಲ್ಲವೂ ಒಂದೇ ಕಡೆಗೆ, ಅಥವಾ ಬೀಸಣಿಗೆಯಂತೆ ಅರಳಿಕೊಂಡು ಬಿದ್ದಿದ್ದರೆ ಅದು ನೇರ ಗಾಳಿ. ಕಿರಿದಾದ ಪಟ್ಟಿಯಲ್ಲಿ, ಎರಡೂ ಬದಿಯ ಮರಗಳು ನಡುವಿನ ಕಡೆಗೆ ತಲೆ ಹಾಕಿ, ಒಂದರ ಮೇಲೊಂದು ಅಡ್ಡಡ್ಡ ಬಿದ್ದಿದ್ದರೆ ಸುತ್ತುಗಾಳಿ ಇದ್ದಿರಬಹುದು.

ಇದನ್ನು ನೋಡೋದಕ್ಕೆ ಕರ್ನಾಟಕದಲ್ಲಿ ಅಡಿಕೆ ತೋಟಕ್ಕಿಂತ ಒಳ್ಳೆಯ ಜಾಗ ಇರಲಾರದು ಅಂತ ನನ್ನ ಲೆಕ್ಕ. ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ವಯಸ್ಸು, ಸುಮಾರು 9 ಅಡಿಗೊಂದರಂತೆ ಸಾಲು. ಗ್ರಾಫ್ ಹಾಳೆ ಮೇಲೆ ಕಡ್ಡಿ ಚುಚ್ಚಿದ ಹಾಗೆ. ಪುತ್ತೂರು, ಸುಳ್ಯ, ಕಾಸರಗೋಡಿನ ಕಡೆ ಗಾಳಿಗೆ ತೋಟ ಮಲಗಿದ ಸುದ್ದಿ ಬಂದಾಗ ಯಾವ ಸಾಲು ಯಾವ ಕಡೆಗೆ ಬಿತ್ತು ಎಂದು ಡ್ರೋನ್‌ನಲ್ಲಿ ಒಂದು ಫೋಟೊ ತೆಗೆದರೂ ಸಾಕು, ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ನಮ್ಮಲ್ಲೂ ಹಾನಿಯ ಸರ್ವೆ ಆಗುತ್ತದೆ, ಮಹಜರು ಆಗುತ್ತದೆ. ಆದರೆ ಅದರ ಪ್ರಶ್ನೆ ಬೇರೆ: ಬೆಳೆ ನಷ್ಟ ಶೇ 33ಕ್ಕಿಂತ ಹೆಚ್ಚೋ ಕಡಿಮೆಯೋ, ಮನೆ ಪೂರ್ತಿ ಹಾಳೋ ಭಾಗಶಃ ಹಾಳೋ. ಪರಿಹಾರ ಕೊಡೋದಕ್ಕೆ ಅದು ಬೇಕೇ ಬೇಕು. ಮರ ಬಿದ್ದ ದಿಕ್ಕು ಪರಿಹಾರದ ಲೆಕ್ಕಕ್ಕೆ ಬೇಕಿಲ್ಲ. ಸೌದೆ ಆದ ಮೇಲೆ ಆ ದಿಕ್ಕು ಮತ್ತೆ ಸಿಗೋದೂ ಇಲ್ಲ.

ನಮ್ಮ ಬೀದಿಗೆ ಇಎಫ್ ಹಾಕಿದರೆ

ಈಗ ಸುದ್ದಗುಂಟೆಪಾಳ್ಯಕ್ಕೆ ಬರೋಣ. ಕಳೆದ ಬೇಸಿಗೆಯ ಒಂದು ಸಂಜೆ ನಮ್ಮ ಪಕ್ಕದ ಕ್ರಾಸಿನಲ್ಲಿ ದೊಡ್ಡ ಗುಲ್‌ಮೊಹರ್ ಬುಡಸಮೇತ ಬಿತ್ತು. ಅಷ್ಟರಲ್ಲೇ ತರಕಾರಿ ಗಾಡಿಯವರು ಪಕ್ಕಕ್ಕೆ ಸರಿದಿದ್ದರು, ಯಾರಿಗೂ ಏನೂ ಆಗಲಿಲ್ಲ. ಒಂದು ಸ್ಕೂಟರ್ ಅಪ್ಪಚ್ಚಿ.

ಇಎಫ್ ಪಟ್ಟಿಯಲ್ಲಿ ಅಗಲ ಎಲೆಯ ಗಟ್ಟಿ ಮರಗಳಿಗೆ ಹಂತಗಳಿವೆ. ಸಣ್ಣ ಕೊಂಬೆ ಮುರಿಯಲು ಗಂಟೆಗೆ ಸುಮಾರು 97 ಕಿ.ಮೀ., ದೊಡ್ಡ ಕೊಂಬೆಗೆ 119. ಬುಡಸಮೇತ ಬೀಳಲು 146. ಮರ ದುರ್ಬಲವಾಗಿದ್ದರೂ ಕನಿಷ್ಠ 122. ಕಾಂಡವೇ ಮುರಿಯಲು 177.

ಈ ಸಂಖ್ಯೆಗಳ ಪಕ್ಕದಲ್ಲಿ ಇನ್ನೊಂದನ್ನು ಇಡೋಣ. ನಮ್ಮ ದೇಶದಲ್ಲಿ ಕಟ್ಟಡ ವಿನ್ಯಾಸಕ್ಕೆ ಐಎಸ್ 875 ಎಂಬ ಸಂಹಿತೆ ಇದೆ. ಅದರ ಮೂರನೇ ಭಾಗ ಗಾಳಿಯದ್ದು. ಊರೂರಿಗೂ ಮೂಲ ವೇಗ ಕೊಟ್ಟಿದ್ದಾರೆ. ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ, 50 ವರ್ಷಕ್ಕೊಮ್ಮೆ ಬರಬಹುದಾದ 3 ಸೆಕೆಂಡಿನ ರಭಸ ಅದು. ಚೆನ್ನೈಗೆ ಸೆಕೆಂಡಿಗೆ 50 ಮೀಟರ್, ಮಂಗಳೂರಿಗೆ 39, ಬೆಂಗಳೂರಿಗೆ 33. ಈ 33 ಅಂದರೆ ಗಂಟೆಗೆ 119 ಕಿ.ಮೀ. ಇಎಫ್ ಮಾಪಕವೂ 3 ಸೆಕೆಂಡಿನ ರಭಸವನ್ನೇ ಬಳಸುವುದರಿಂದ ಎರಡನ್ನೂ ಹೋಲಿಸಬಹುದು.

ಲೆಕ್ಕ ಎಲ್ಲಿಗೆ ಬಂತು ನೋಡಿ. ಪಟ್ಟಿಯ ಪ್ರಕಾರ ಆ ಗುಲ್‌ಮೊಹರ್ ಬೀಳಲು ಕನಿಷ್ಠವೆಂದರೂ 122 ಬೇಕು. ಬೆಂಗಳೂರಿಗೆ 50 ವರ್ಷಕ್ಕೊಮ್ಮೆ ಬರುವ ಗಾಳಿ 119, ಅದೂ ಬಯಲಲ್ಲಿ. ಮನೆಗೆ ಮನೆ ಅಂಟಿಕೊಂಡ ನಮ್ಮ ಕ್ರಾಸುಗಳಲ್ಲಿ ಮರದ ಎತ್ತರಕ್ಕೆ ಸಿಗುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಹಾಗಾದರೆ 50 ವರ್ಷಕ್ಕೊಮ್ಮೆ ಬರುವ ಗಾಳಿಯನ್ನೂ ಮೀರಿಸಿದ್ದು ಬೆಂಗಳೂರಿಗೆ ಪ್ರತಿ ಮೇ ತಿಂಗಳೂ ಬರುತ್ತಿದೆ ಅಂತ ಒಪ್ಪಬೇಕು. ಇಲ್ಲವೇ ಮರದಲ್ಲೇ ಏನೋ ಕಡಿಮೆ ಇದೆ ಅನ್ನಬೇಕು. ಅಂದು ಅದೇ ಕ್ರಾಸಿನಲ್ಲಿ ಪಿಜಿ ಮೇಲಿನ ಶೀಟು ಹಾರಿರಲಿಲ್ಲ. ಅಂಗಡಿಯ ಫ್ಲೆಕ್ಸ್ ಕೂಡ ಜಾಗದಲ್ಲೇ ಇತ್ತು. ದಾಸವಾಳ ಗಿಡದ ಪ್ರಶ್ನೆಯನ್ನು ನೆನಪು ಮಾಡಿಕೊಳ್ಳಿ.

ಮರ ಕತ್ತರಿಸಲು ಪಾಲಿಕೆಯ ತಂಡ ರಾತ್ರಿಯೇ ಬಂತು. ಗರಗಸದ ಮಷಿನ್ ಹಿಡಿದಿದ್ದವರು ಐವತ್ತರ ಆಸುಪಾಸಿನವರು.

"ಏನಣ್ಣ, ಇಷ್ಟು ದೊಡ್ಡ ಮರ ಬಿದ್ದೋಯ್ತು?" ಅಂದೆ.

"ದೊಡ್ಡದು ಮೇಲೆ ಸಾರ್. ಕೆಳಗೆ ನೋಡಿ, ಬೇರೆಲ್ಲಿದೆ?" ಅಂದರು. ಟಾರ್ಚ್ ಬಿಟ್ಟು ತೋರಿಸಿದರು. ರಸ್ತೆ ಕಡೆಯ ಬೇರುಗಳು ನೆಟ್ಟಗೆ, ಚಾಕುವಿನಲ್ಲಿ ಕೊಯ್ದ ಹಾಗೆ ನಿಂತುಹೋಗಿದ್ದವು. ತುದಿಗಳು ಕಪ್ಪಗೆ ಕೊಳೆತಿದ್ದವು. "ಇದು ಇವತ್ತು ಕಟ್ಟಾಗಿದ್ದಲ್ಲ. ಡ್ರೈನೇಜಿಗೋ ಕೇಬಲ್ಲಿಗೋ ಯಾವತ್ತೋ ಅಗೆದಿದ್ದಾರೆ. ಈ ಕಡೆ ಸಿಮೆಂಟು, ಆ ಕಡೆ ಚರಂಡಿ. ಇನ್ನೇನ್ ಹಿಡ್ಕೊಂಡ್ ನಿಲ್ಲತ್ತೆ? ಕೊಂಬೇನೂ ವೈರ್ ಕಡೆದೆಲ್ಲಾ ಕಡ್ದು ಒಂದೇ ಕಡೆ ಭಾರ ಬಿಟ್ಟವ್ರೆ."

ಟೆಕ್ಸಸ್‌ನವರು ಬೋಲ್ಟ್ ಇದೆಯಾ ಮೊಳೆಯಾ ಅಂತ ಬಗ್ಗಿ ನೋಡುತ್ತಾರೆ ಅಂದೆನಲ್ಲ, ಇವರು ಒಂದು ನಿಮಿಷದಲ್ಲಿ ಮಾಡಿದ್ದು ಅದನ್ನೇ. ವ್ಯತ್ಯಾಸ ಇಷ್ಟೇ: ಅವರು ನೋಡಿದ್ದನ್ನು ಬರೆದುಕೊಳ್ಳುವ ಕಾಲಂ ಎಲ್ಲೂ ಇಲ್ಲ. ಬೆಳಿಗ್ಗೆ ಏಳಕ್ಕೆ ರಸ್ತೆ ಖಾಲಿ. ಸಾಕ್ಷಿ ಲಾರಿ ಹತ್ತಿ ಹೋಯಿತು.

ಮಳೆ ನೆಂದ ಮಣ್ಣು ಸಡಿಲವಾಗುತ್ತದೆ, ಗುಲ್‌ಮೊಹರ್ ಬೇರು ಆಳಕ್ಕೆ ಹೋಗುವಂಥದ್ದಲ್ಲ, ಅಮೆರಿಕದ ಓಕ್ ಮರದ ಸಂಖ್ಯೆಯನ್ನು ನಮ್ಮ ಮರಕ್ಕೆ ನೇರವಾಗಿ ಹಚ್ಚೋದು ಸರಿಯಲ್ಲ. ಇವೆಲ್ಲ ನಿಜ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ ಅನ್ನೋದನ್ನೂ ಮರೆಯಬಾರದು. 60 ಕಿ.ಮೀ. ಗಾಳಿಗಿಂತ 120 ಕಿ.ಮೀ. ಗಾಳಿಯ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದನ್ನೇ ತಿರುಗಿಸಿ ಹೇಳಿದರೆ, 120ಕ್ಕೆ ಬೀಳಬೇಕಿದ್ದ ಮರ 60ಕ್ಕೇ ಬಿದ್ದಿದ್ದರೆ ಅದರ ಹಿಡಿತ ಅರ್ಧ ಹೋಗಿರಲಿಲ್ಲ, ಮುಕ್ಕಾಲು ಭಾಗ ಹೋಗಿತ್ತು.

ತೀರ್ಪು ಯಾರ ಮೇಲೆ?

ಇಷ್ಟೆಲ್ಲ ಲೆಕ್ಕ ಯಾಕೆ ಅಂದರೆ, ಮರುದಿನ ಗ್ರೂಪ್‌ನಲ್ಲಿ ಬಂದ ಮೆಸೇಜು ಇದು: "ಉಳಿದ ಮೂರು ಮರಾನೂ ತೆಗೆಸೋಕೆ ಎಲ್ಲರೂ ಸೈನ್ ಹಾಕಿ." ಬರೆದವರು ನಾಲ್ಕನೇ ಮನೆ ಆಂಟಿ. ಮೊಮ್ಮಗಳು ಸ್ಕೂಲ್ ವ್ಯಾನಿಗೆ ಕಾಯೋದು ಅದರಲ್ಲೊಂದು ಮರದ ಕೆಳಗೆ. ಅವರ ಭಯಕ್ಕೆ ಅರ್ಥವಿದೆ. ಬೆಂಗಳೂರಿನಲ್ಲಿ ಮರ, ಕೊಂಬೆ ಬಿದ್ದು ಬೈಕಿನಲ್ಲಿ ಹೋಗುತ್ತಿದ್ದವರು, ಆಟೋದಲ್ಲಿ ಕೂತಿದ್ದವರು ಸತ್ತಿದ್ದಾರೆ.

ಆದರೆ "ಸುಂಟರಗಾಳಿ" ಅಂದುಬಿಟ್ಟರೆ ತನಿಖೆ ಅಲ್ಲಿಗೇ ಮುಗಿಯಿತು. ದೇವರು ಮಾಡಿದ್ದು, ಯಾರೇನು ಮಾಡೋಕಾಗತ್ತೆ. ಇನ್ನು ಉಳಿಯುವುದು ಒಂದೇ ದಾರಿ, ಮರ ಕಡಿಯೋದು. ಬೇರು ಕತ್ತರಿಸಿದ್ದು ಕಾರಣ ಅಂದರೆ ಬೇರೆ ಪ್ರಶ್ನೆಗಳು ಏಳುತ್ತವೆ. ಉಳಿದ ಮೂರರಲ್ಲಿ ಯಾವುದರ ಪಕ್ಕ ಅಗೆದಿದ್ದಾರೆ? ಯಾವುದರ ಬುಡಕ್ಕೆ ಸಿಮೆಂಟು ಒತ್ತಿಕೊಂಡಿದೆ? ಯಾವುದು ವಾಲಿದೆ? ಬಹುಶಃ ಒಂದನ್ನು ತೆಗೆಯಬೇಕಾಗುತ್ತದೆ, ಒಂದರ ಭಾರ ಇಳಿಸಬೇಕಾಗುತ್ತದೆ, ಇನ್ನೊಂದು ಆರಾಮಾಗಿದೆ. ಮರದ ಸುತ್ತ ಕನಿಷ್ಠ 1 ಮೀಟರ್ ಜಾಗ ಸಿಮೆಂಟ್ ಇಲ್ಲದೆ ಬಿಡಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಮರಗಳ ವಿಷಯದಲ್ಲಿ ಹೇಳಿದೆ. ನಮ್ಮ ಫುಟ್‌ಪಾತ್‌ಗಳಲ್ಲಿ ಒಂದು ಅಡಿ ಬಿಟ್ಟಿದ್ದರೆ ಹೆಚ್ಚು.

ಆಂಟಿಗೆ ಹೇಳಿದೆ, "ಆಂಟಿ, ಸೈನ್ ಹಾಕೋಣ. ಆದ್ರೆ ಕಡೀರಿ ಅಂತಲ್ಲ, ಬಂದು ನೋಡ್ರಿ ಅಂತ." ಅವರು, "ನೋಡೋಕೆ ಬರ್ತಾರಾ? ಅಲ್ಲೀವರ್ಗೂ ಮಗು ಎಲ್ಲಿ ನಿಲ್ಬೇಕು?" ಅಂದರು. ಮೊದಲನೇ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಎರಡನೆಯದಕ್ಕೆ ಇತ್ತು. ವ್ಯಾನ್ ಡ್ರೈವರ್‌ಗೆ ಹೇಳಿ ಸ್ಟಾಪನ್ನು ಮೂಲೆ ಮೆಡಿಕಲ್ ಸ್ಟೋರ್ ಮುಂದಕ್ಕೆ ಬದಲಾಯಿಸಿದ್ದಾಯಿತು. ಅರ್ಜಿಯಲ್ಲಿ ಮೂರು ಮರಗಳ ಬುಡದ ಫೋಟೊ ಹಾಕಿ, ಒಂದೊಂದರ ಪಕ್ಕದಲ್ಲೂ ಕಂಡದ್ದನ್ನು ಬರೆದು 19 ಮನೆಯವರು ಸೈನ್ ಹಾಕಿದ್ದೇವೆ. ಈ ಅಂಕಣ ಬರೆಯುವ ಹೊತ್ತಿಗೆ ಯಾರೂ ಬಂದಿಲ್ಲ.

ನಮ್ಮದೇ ಒಂದು ಪಟ್ಟಿ

ಜಪಾನಿನವರು ಇಎಫ್ ಮಾಪಕವನ್ನು ಹಾಗೇ ತೆಗೆದುಕೊಳ್ಳಲಿಲ್ಲ. ಅಮೆರಿಕದ ಮನೆಗಳೇ ಬೇರೆ, ತಮ್ಮ ಮನೆಗಳೇ ಬೇರೆ ಎಂದು 2016ರಿಂದ ತಮ್ಮದೇ ಪಟ್ಟಿ ಬಳಸುತ್ತಿದ್ದಾರೆ. ಅದರಲ್ಲಿ ರಸ್ತೆ ಬದಿಯ ವೆಂಡಿಂಗ್ ಮಷಿನ್ ಇದೆ, ಸಮಾಧಿ ಕಲ್ಲೂ ಇದೆ. ತಮ್ಮ ಊರಿನಲ್ಲಿ ಎಲ್ಲೆಡೆ ಸಿಗುವ, ಅಳತೆ ಗೊತ್ತಿರುವ ವಸ್ತುಗಳೇ ಒಳ್ಳೆಯ ಸಾಕ್ಷಿ.

ನಮ್ಮದಾದರೆ ಏನು ಸೇರಿಸಬಹುದು? ಟೆರೇಸ್ ಮೇಲಿನ ಸಿಂಟೆಕ್ಸ್ ಟ್ಯಾಂಕು, ಖಾಲಿಯೋ ತುಂಬಿತ್ತೋ ಅಂತ ಬರೆಯಬೇಕು ಅಷ್ಟೆ. ಬೋಲ್ಟ್ ಹಾಕಿದ ಶೀಟು, ಬರೀ ಕಲ್ಲು ಹೇರಿದ ಶೀಟು. ಸೋಲಾರ್ ವಾಟರ್ ಹೀಟರ್. ಮದುವೆ ಶಾಮಿಯಾನ. ತೆಂಗಿನ ಮರ, ಅಡಿಕೆ ಮರ, ಬಾಳೆ. ಊರ ಕಡೆ ಮಂಗಳೂರು ಹೆಂಚು. ಇವುಗಳಲ್ಲಿ ಯಾವುದು ಯಾವ ಗಾಳಿಗೆ ಹೋಗುತ್ತದೆ ಎಂದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದವರು ಫೈನಲ್ ಇಯರ್ ಪ್ರಾಜೆಕ್ಟಾಗಿ ಮಾಡಿದರೂ ದೊಡ್ಡ ಕೆಲಸ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನು ಇಟ್ಟಿದೆ. ಹತ್ತಿರದ ಯಂತ್ರ ಹೇಳುವ ಗಾಳಿಯನ್ನೂ ಬೀದಿಯಲ್ಲಿ ಬಿದ್ದದ್ದನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ನಾಲ್ಕೈದು ಬೇಸಿಗೆಯಲ್ಲಿ ನಮ್ಮದೇ ಪಟ್ಟಿ ಶುರುವಾಗುತ್ತದೆ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು. ನಿಮ್ಮ ಬೀದಿಯಲ್ಲಿ ಮರ ಬಿದ್ದರೆ ಮೊದಲು ದೂರ ನಿಲ್ಲಿ, ವೈರ್ ಸಿಕ್ಕಿಕೊಂಡಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಲೈನ್ ಆಫ್ ಆಗಿದೆ ಎಂದು ಖಾತ್ರಿಯಾದ ಮೇಲೆ, ಗರಗಸ ಬರುವ ಮುಂಚೆ, ನಾಲ್ಕು ಫೋಟೊ ತೆಗೆಯಿರಿ. ಒಂದು, ಇಡೀ ಮರ, ಜೊತೆಗೆ ಫೋನಿನ ಕಂಪಾಸ್‌ನಲ್ಲಿ ಅದು ತಲೆ ಹಾಕಿದ ದಿಕ್ಕು. ಎರಡು, ಬೇರಿನ ಭಾಗ ಹತ್ತಿರದಿಂದ. ಹರಿದಿದೆಯೋ, ಕೊಯ್ದಿದೆಯೋ, ಕೊಳೆತಿದೆಯೋ ಕಾಣಬೇಕು. ಮೂರು, ಮರ ನಿಂತಿದ್ದ ಗುಂಡಿ, ಸುತ್ತ ಸಿಮೆಂಟು ಎಷ್ಟು ಹತ್ತಿರ ಇತ್ತು ಅಂತ ತಿಳಿಯುವ ಹಾಗೆ. ನಾಲ್ಕು, ಅಕ್ಕಪಕ್ಕದಲ್ಲಿ ಬೀಳದೆ ಉಳಿದದ್ದು ಏನೇನು. ಈ ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಗಾಳಿ ಎಷ್ಟಿರಲಿಲ್ಲ ಎಂದು ಹೇಳುವುದು ಅದೇ. ಸಮಯ ಬರೆದಿಡಿ. ನಿಮ್ಮ ಅರ್ಜಿಗೆ ಈ ಫೋಟೊಗಳನ್ನು ಲಗತ್ತಿಸಿ.

ಐದು ನಿಮಿಷದ ಕೆಲಸ. ಮುಂದಿನ ಮರ ಬೀಳುವ ಮೊದಲು ಅದರ ಬುಡವನ್ನು ಯಾರಾದರೂ ನೋಡುವಂತೆ ಮಾಡಲು ಈಗ ನಮ್ಮ ಕೈಯಲ್ಲಿರುವುದು ಅಷ್ಟೇ. ನಿಮ್ಮ ಬೀದಿಯಲ್ಲಿ ಕಂಡದ್ದನ್ನು ನನಗೂ ಬರೆಯಿರಿ. ಊರು, ತಾರೀಖು, ಬಿದ್ದ ದಿಕ್ಕು ಮರೆಯಬೇಡಿ.